ಹಿಡಿದ ಮೀನನ್ನ ಅಪ್ಪಯ್ಯ ಬಿಟ್ಟಿದ್ದು: ಟೆಕ್ಸಸ್‌ನ ರೆಡ್‌ಫಿಶ್, ನಮ್ಮೂರಿನ ರಂಪಣಿ

ಹೋದ ಸಲ ಬ್ಯಾಂಕ್‌ಗಳ ಕಥೆ ಹೇಳಿದ್ದೆ. ಈ ಸಲ ಒಂದು ಮೀನಿನ ಕಥೆ. ಮೀನು ತಿನ್ನದವರು ಎದ್ದು ಹೋಗ್ಬೇಡಿ, ಇದರಲ್ಲಿ ಅಡುಗೆ ಸ್ವಲ್ಪ, ಜಗಳ ಜಾಸ್ತಿ.

ಹೋದ ಅಕ್ಟೋಬರ್‌ನಲ್ಲಿ ನಾನು, ಅಪ್ಪಯ್ಯ ಹ್ಯೂಸ್ಟನ್‌ನಲ್ಲಿರೋ ಅಕ್ಕನ ಮನೆಗೆ ಹೋಗಿದ್ವಿ. ಭಾವನಿಗೆ ಮೀನು ಹಿಡಿಯೋ ಹುಚ್ಚು. ಒಂದು ಶನಿವಾರ ಬೆಳಗಿನ ಜಾವ ಎರಡು ಕಯಾಕ್‌ಗಳನ್ನ ಕಾರಿನ ಮೇಲೆ ಕಟ್ಟಿ, ನಾಲ್ಕು ಗಂಟೆ ದಕ್ಷಿಣಕ್ಕೆ ಓಡಿಸಿ, ನಮ್ಮನ್ನ ಪೋರ್ಟ್ ಅರಾನ್ಸಸ್ ಅನ್ನೋ ಊರಿನ ಹತ್ರ ಇಳಿಸಿದರು. ಅಲ್ಲಿ ಲೈಟ್‌ಹೌಸ್ ಲೇಕ್ಸ್ ಅಂತ ಒಂದು ಜಾಗ ಇದೆ. ಹೆದ್ದಾರಿ ಪಕ್ಕದಲ್ಲೇ ಕಯಾಕ್ ನೀರಿಗಿಳಿಸಬಹುದು. ಮೊಣಕಾಲುದ್ದ ನೀರು, ಅದರ ನಡುವೆ ಕಾಂಡ್ಲಾ ಗಿಡಗಳ ದ್ವೀಪಗಳು, ದೂರದಲ್ಲಿ 1857ರ ಹಳೇ ದೀಪಸ್ತಂಭ. ಅಪ್ಪಯ್ಯ ಒಂದು ನಿಮಿಷ ಸುಮ್ನೆ ನೋಡಿ, "ಗಂಗೊಳ್ಳಿ ಅಳಿವೆ ಕಂಡಂಗೆ ಇತ್ತ್" ಅಂದರು. ಇತ್ತ್ ಅಂದ್ರೆ ನಮ್ಮ ಕುಂದಾಪ್ರ ಕನ್ನಡದಲ್ಲಿ 'ಇದೆ' ಅಂತ. ಕನ್ಫ್ಯೂಸ್ ಆಗ್ಬೇಡಿ.

ನಾನು, ಅಪ್ಪಯ್ಯ ಇಬ್ಬರು ಕೂರೋ ಕಯಾಕ್‌ನಲ್ಲಿ. ಭಾವ ಇನ್ನೊಂದರಲ್ಲಿ. ಗಾಳಕ್ಕೆ ಸಿಕ್ಕಿಸೋಕೆ ಜೀವಂತ ಸಿಗಡಿ ಕೊಟ್ಟಾಗ ಅಪ್ಪಯ್ಯನಿಗೆ ನಿಜವಾಗ್ಲೂ ಬೇಜಾರಾಯ್ತು. "ಇಷ್ಟ್ ಚಂದದ ಚಟ್ಲಿ ಮೀನಿಗ್ ಹಾಕುದಾ?" ಅಂದರು. ನಮ್ಮ ಕಡೆ ಸಿಗಡಿಗೆ ಚಟ್ಲಿ ಅಂತೀವಿ, ಅದರ ರೇಟೂ ಗೊತ್ತು.

ಎರಡು ಗಂಟೆ ಏನೂ ಸಿಗಲಿಲ್ಲ. ಆಮೇಲೆ ಹಡಗು ಹೋಗೋ ಕಾಲುವೆಯ ಅಂಚಿಗೆ ಬಂದಾಗ ಅಪ್ಪಯ್ಯನ ಗಾಳಕ್ಕೆ ಒಂದು ಬಿತ್ತು. ಅದು ನಮ್ಮ ಕಯಾಕನ್ನೇ ಎಳ್ಕೊಂಡು ಹೋಯ್ತು, ಉತ್ಪ್ರೇಕ್ಷೆ ಅಲ್ಲ. ಹತ್ತು ನಿಮಿಷದ ಮೇಲೆ ಪಕ್ಕಕ್ಕೆ ಬಂದಾಗ ನೋಡಿದರೆ ತಾಮ್ರದ ಬಿಂದಿಗೆ ಬಣ್ಣ, ಬಾಲದ ಬುಡದಲ್ಲಿ ಕಣ್ಣಿನಂಥ ಕಪ್ಪು ಚುಕ್ಕೆ. ಕೈಯಲ್ಲಿ ಎತ್ತಿದಾಗ ಹೊಟ್ಟೆಯೊಳಗಿಂದ ಗೊರ್ ಗೊರ್ ಅಂತ ಸದ್ದು. ಅಪ್ಪಯ್ಯ ತಕ್ಷಣ, "ಕಲ್ಲೂರಿನ ಜಾತಿದ್ ಇದ್, ಕಾಣ್" ಅಂದರು. ಕಲ್ಲೂರು ಅಂದರೆ ನಮ್ಮ ಕರಾವಳಿಯ ಮೀನು, ತಲೆಯೊಳಗೆ ಕಲ್ಲು ಇರುತ್ತೆ. ಅಪ್ಪಯ್ಯ ಅಮೆರಿಕದ ಈ ಮೀನನ್ನ ಜೀವನದಲ್ಲಿ ನೋಡಿರಲಿಲ್ಲ, ಆದರೂ ಹೇಳಿದ್ದು ನೂರಕ್ಕೆ ನೂರು ಸರಿ. ಎರಡೂ ಒಂದೇ ಕುಟುಂಬದವು. ರೆಡ್‌ಫಿಶ್‌ನ ಇನ್ನೊಂದು ಹೆಸರೇ ರೆಡ್ ಡ್ರಮ್. ಗಾಳಿಚೀಲದ ಪಕ್ಕದ ಸ್ನಾಯು ಅದುರಿಸಿ ಡೋಲು ಬಾರಿಸೋ ಮೀನು.

ಭಾವ ಅಳತೆ ಪಟ್ಟಿ ಇಟ್ಟು ನೋಡಿದರು. 31 ಇಂಚು. "ಮಾವ, ಇದನ್ನ ಬಿಡ್ಬೇಕು" ಅಂದರು.

ಟೆಕ್ಸಸ್ ಕಾನೂನಿನ ಪ್ರಕಾರ 20ರಿಂದ 28 ಇಂಚಿನೊಳಗಿನ ರೆಡ್‌ಫಿಶ್ ಮಾತ್ರ ಇಟ್ಕೋಬಹುದು, ದಿನಕ್ಕೆ ಒಬ್ಬರಿಗೆ ಮೂರು. ಚಿಕ್ಕದನ್ನ ಬಿಡೋದು ಎಲ್ಲರಿಗೂ ಅರ್ಥ ಆಗುತ್ತೆ. ದೊಡ್ಡದನ್ನೂ ಬಿಡಬೇಕು. ದೊಡ್ಡದು ಇಟ್ಕೊಳ್ಳೋಕೆ ಲೈಸೆನ್ಸ್ ಜೊತೆ ಬರೋ ವಿಶೇಷ ಟ್ಯಾಗ್ ಕಟ್ಟಬೇಕು, ನಮ್ಮ ಹತ್ರ ಅದಿರಲಿಲ್ಲ.

ಅಪ್ಪಯ್ಯ ಮೀನನ್ನ ಎರಡೂ ಕೈಯಲ್ಲಿ ಹಿಡ್ಕೊಂಡೇ ನನ್ನ ಕಡೆ ತಿರುಗಿ ಕೇಳಿದರು, "ಇದನ್ನ್ ಬಿಡ್ಕಾ? ಎಂತಕೆ?"

ಅಪ್ಪಯ್ಯನ ಈ 'ಎಂತಕೆ'ಗೆ ಉತ್ತರ ಹುಡುಕ್ತಾ ಹೋದದ್ದೇ ಈ ಸಂಚಿಕೆ.

ಮೊದಲು ಕಯಾಕ್ ಬಗ್ಗೆ ಎರಡು ಮಾತು. ಈಗ ಅದು ಪ್ಲಾಸ್ಟಿಕ್ ಆಟಿಕೆ ಥರ ಕಾಣುತ್ತೆ, ಆದರೆ ಅದು ಬೇಟೆಯ ದೋಣಿ. ಆರ್ಕ್ಟಿಕ್‌ನ ಇನುಇಟ್, ಯೂಪಿಕ್, ಉನಂಗನ್ ಜನ ತೇಲಿಬಂದ ಮರ ಅಥವಾ ಮೂಳೆಯ ಹಂದರಕ್ಕೆ ಸೀಲ್ ಚರ್ಮ ಹೊದಿಸಿ ಮಾಡ್ತಿದ್ದರು. ಟೇಪ್ ಇಲ್ಲ, ನಕ್ಷೆ ಇಲ್ಲ. ಕೂರುವವನ ಮೈಯೇ ಅಳತೆ. ನಮ್ಮಲ್ಲಿ ಹಗ್ಗವನ್ನ ಮಾರು, ಮೊಳ, ಗೇಣು ಅಂತ ಅಳೀತೀವಲ್ಲ, ಹಾಗೇ ಅವರೂ ತೋಳು, ಮುಷ್ಟಿ, ಬೆರಳಿನ ಲೆಕ್ಕದಲ್ಲಿ ದೋಣಿ ಕಟ್ಟೋರು. ಸದ್ದಿಲ್ಲದೆ ಸೀಲ್ ಹತ್ರ ಹೋಗೋದು ಅದರ ಕೆಲಸ. ರೆಡ್‌ಫಿಶ್ ಹಿಡಿಯೋರಿಗೆ ಬೇಕಾಗಿದ್ದೂ ಅದೇ ಗುಣ. ಈ ಮೀನು ಏಡಿ ಹುಡುಕ್ತಾ ತಲೆ ಕೆಳಗೆ ಮಾಡಿದಾಗ ಬಾಲ ನೀರಿನ ಮೇಲೆ ಬರುವಷ್ಟು ಕಡಿಮೆ ನೀರಿಗೆ ಬರುತ್ತೆ. ಅಲ್ಲಿಗೆ ಮೋಟಾರ್ ಬೋಟ್ ಹೋದರೆ ತಳ ತಾಗುತ್ತೆ, ಮೀನೂ ಓಡುತ್ತೆ. ಮೇಲೆ ಕೂರುವ ಪ್ಲಾಸ್ಟಿಕ್ ಕಯಾಕ್ ಅಗ್ಗವಾಗಿ ಬಂದ ಮೇಲೆ, 1997ರಲ್ಲಿ ಹೋಬಿ ಕಂಪನಿ ಕಾಲಲ್ಲಿ ತುಳಿಯೋ ಕಯಾಕ್ ತಂದ ಮೇಲೆ, ದೊಡ್ಡ ಬೋಟ್ ಕೊಳ್ಳೋಕಾಗದವರೂ ಮಕ್ಕಳನ್ನ ಕೂರಿಸ್ಕೊಂಡು ಹಿನ್ನೀರಿಗೆ ಇಳಿಯೋದು ಸುಲಭ ಆಯ್ತು.

ಆದರೆ ಕಯಾಕ್ ಇದ್ದು ಮೀನೇ ಇಲ್ಲದಿದ್ದರೆ? 1980ರ ದಶಕದಲ್ಲಿ ಪರಿಸ್ಥಿತಿ ಹೆಚ್ಚುಕಮ್ಮಿ ಆ ಕಡೆಗೇ ಹೋಗ್ತಾ ಇತ್ತು. ಅದಕ್ಕೆ ಕಾರಣಗಳಲ್ಲಿ ಒಂದು ಕಬ್ಬಿಣದ ಬಾಣಲೆ.

ಲೂಸಿಯಾನಾದಲ್ಲಿ ಪಾಲ್ ಪ್ರುಡೋಮ್ ಅಂತ ಒಬ್ಬ ಬಾಣಸಿಗ. 13 ಮಕ್ಕಳ ಮನೆಯ ಕೊನೇ ಮಗ. 1979ರಲ್ಲಿ ಹೆಂಡತಿ ಜೊತೆ ನ್ಯೂ ಆರ್ಲಿಯನ್ಸ್‌ನಲ್ಲಿ ಕೆ-ಪಾಲ್ಸ್ ಅನ್ನೋ ಹೋಟೆಲ್ ತೆಗೆದ. ಅಲ್ಲಿ ಅವನು ಮಾಡಿದ ಒಂದು ಐಟಂ ಬ್ಲ್ಯಾಕನ್ಡ್ ರೆಡ್‌ಫಿಶ್. ಮೀನಿನ ತುಂಡನ್ನ ಬೆಣ್ಣೆಯಲ್ಲಿ ಅದ್ದಿ, ಖಾರದ ಪುಡಿ, ಮಸಾಲೆ ಸೊಪ್ಪುಗಳ ಪುಡಿ ಎಲ್ಲ ಮೆತ್ತಿ, ಕೆಂಪಗೆ ಕಾದ ಬೀಡು ಕಬ್ಬಿಣದ ಬಾಣಲೆಗೆ ಹಾಕೋದು. ಹೊಗೆ ಎದ್ದು ಮಸಾಲೆ ಕಪ್ಪಾಗಿ ಅಂಟಿಕೊಳ್ಳುತ್ತೆ, ಒಳಗೆ ಮೀನು ಮೆತ್ತಗೆ. ನಮ್ಮ ತವಾ ಫ್ರೈಗೆ ದೂರದ ನೆಂಟ ಅನ್ನಬಹುದು. 1983ರಲ್ಲಿ ಹೋಟೆಲನ್ನೇ ಕೆಲವು ದಿನ ಸ್ಯಾನ್ ಫ್ರಾನ್ಸಿಸ್ಕೋಗೆ ತಗೊಂಡು ಹೋದ, 1985ರಲ್ಲಿ ನ್ಯೂಯಾರ್ಕ್‌ಗೆ. ನಡುವೆ 1984ರಲ್ಲಿ ಅಡುಗೆ ಪುಸ್ತಕ ಬಂತು. ಅದುವರೆಗೆ ದಕ್ಷಿಣದ ಕರಾವಳಿಯವರು ಮನೇಲಿ ತಿನ್ನೋ ಮೀನಾಗಿದ್ದದ್ದು ದೇಶದ ಎಲ್ಲ ದೊಡ್ಡ ಊರುಗಳ ಮೆನು ಕಾರ್ಡ್‌ಗೆ ಬಂತು. ನಾನು ಬಿಕಾಂನಲ್ಲಿ ಡಿಮ್ಯಾಂಡ್ ಕರ್ವ್ ಬಲಕ್ಕೆ ಸರಿಯುತ್ತೆ ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೆ. ಅದು ನಿಜಕ್ಕೂ ಸರಿದಾಗ ಹೇಗಿರುತ್ತೆ ಅಂತ ಗೊತ್ತಾಗಿದ್ದು ಈ ಕಥೆ ಓದಿದ ಮೇಲೆ.

ಈಗ ಮೀನಿನ ಜೀವನ ಸ್ವಲ್ಪ ಗೊತ್ತಿರಬೇಕು, ಇಲ್ಲದಿದ್ದರೆ ಮುಂದಿನ ಜಗಳ ಅರ್ಥ ಆಗಲ್ಲ. ರೆಡ್‌ಫಿಶ್ ಮೊಟ್ಟೆ ಇಡೋದು ಬೇಸಿಗೆ ಮುಗಿದು ಚಳಿ ಶುರುವಾಗೋ ಮುಂಚೆ, ಅಳಿವೆ ಬಾಗಿಲ ಹತ್ರ. ಭರತದ ನೀರು ಮೊಟ್ಟೆ, ಮರಿಗಳನ್ನ ಒಳಗೆ ಹಿನ್ನೀರಿಗೆ ತಳ್ಳುತ್ತೆ. ಮರಿಗಳು ಹುಲ್ಲು, ಕಾಂಡ್ಲಾ ನಡುವೆ ಮೂರ್ನಾಲ್ಕು ವರ್ಷ ಬೆಳೀತವೆ. ಹತ್ತಿರ ಹತ್ತಿರ 30 ಇಂಚು ಆದಾಗ, ಪ್ರಾಯಕ್ಕೆ ಬಂದಾಗ, ಹಿನ್ನೀರು ಬಿಟ್ಟು ಹೊರಗಿನ ಕಡಲಿಗೆ ದಾಟಿ ದೊಡ್ಡ ಗುಂಪು ಸೇರ್ತವೆ. ಆಮೇಲೆ ಬಹಳ ವರ್ಷ ಬದುಕ್ತವೆ. ಮೆಕ್ಸಿಕೋ ಕೊಲ್ಲಿಯಲ್ಲಿ ಸುಮಾರು 40 ವರ್ಷದವರೆಗೂ. ಪ್ರತಿ ವರ್ಷ ಅಳಿವೆಗೆ ಬಂದು ಲಕ್ಷಗಟ್ಟಲೆ ಮೊಟ್ಟೆ. ಅಂದರೆ 20 ಇಂಚಿನ ಮೀನು ಇನ್ನೂ ಕಾಲೇಜು ಸೇರದ ಹುಡುಗ, 31 ಇಂಚಿಂದು ಈಗಷ್ಟೇ ಸಂಸಾರ ಶುರು ಮಾಡಿದ್ದು.

ವಯಸ್ಸು ಹೇಗೆ ಗೊತ್ತಾಗುತ್ತೆ ಅಂದರೆ, ಅಪ್ಪಯ್ಯ ಹೇಳಿದ ಆ ತಲೆಯೊಳಗಿನ ಕಲ್ಲಿಂದ. ಕಿವಿಯ ಕಲ್ಲು. ಅದನ್ನ ತೆಳ್ಳಗೆ ಕೊಯ್ದು ನೋಡಿದರೆ ಮರದ ಬುಡದ ಹಾಗೆ ವರ್ಷಕ್ಕೊಂದು ಉಂಗುರ.

ಈ ಮೀನಿಗೆ ಎರಡು ಕಡೆಯಿಂದ ಏಟು ಬಿತ್ತು. ಒಳಗೆ ಹಿನ್ನೀರಲ್ಲಿ ಬಲೆ ಹಾಕೋ ಮೀನುಗಾರರು, ಮೋಜಿಗೆ ಗಾಳ ಹಾಕೋರು, ಇಬ್ಬರೂ ಎಳೇ ಮೀನು ಹಿಡೀತಿದ್ದರು. ಎಷ್ಟೋ ಮೀನು ಹೊರಕಡಲು ದಾಟೋ ವಯಸ್ಸಿಗೇ ಬರ್ತಿರಲಿಲ್ಲ. ಬೇಡಿಕೆ ಏರಿದಾಗ ಹೊರಗಿಂದಲೂ ದೊಡ್ಡ ಬೋಟ್‌ಗಳು ಬಂದವು. ಮೇಲೆ ಸಣ್ಣ ವಿಮಾನ ಹಾರಿಸಿ, ನೀರಿನ ಮೇಲೆ ಕೆಂಪಗೆ ಹರಡಿದ ಗುಂಪನ್ನ ನೋಡಿ, ಬೋಟಿಗೆ ರೇಡಿಯೋದಲ್ಲಿ ಜಾಗ ಹೇಳೋದು. ಬೋಟು ಗುಂಪಿನ ಸುತ್ತ ಬಲೆ ಬಿಟ್ಟು, ಕೆಳಗಿನ ಹಗ್ಗ ಎಳೆದು, ಚೀಲದ ಬಾಯಿ ಕಟ್ಟಿದ ಹಾಗೆ ಮುಚ್ಚೋದು. ಇಪ್ಪತ್ತು, ಮೂವತ್ತು ವರ್ಷ ಬದುಕಿದ ಮೀನುಗಳ ಇಡೀ ಗುಂಪು ಒಂದೇ ಸಲಕ್ಕೆ. ಆ ಬಲೆಯ ಹೆಸರು ಪರ್ಸ್ ಸೀನ್.

ಇದನ್ನ ಭಾವ ಕಯಾಕ್‌ನಲ್ಲೇ ಕೂತು ಅಪ್ಪಯ್ಯನಿಗೆ ಹೇಳ್ತಾ ಇದ್ದರು. ಆ ಹೆಸರು ಬಂದ ತಕ್ಷಣ ಅಪ್ಪಯ್ಯ ಹುಟ್ಟು ಹಾಕೋದು ನಿಲ್ಲಿಸಿದರು. "ಪರ್ಸೀನಾ? ಇಲ್ಲೂ ಬಂದಿತ್ತಾ ಅದ್?"

ನಿಮ್ಮಲ್ಲಿ ಕರಾವಳಿಯವರಿಗೆ ಈಗಾಗ್ಲೇ ಹೊಳೆದಿರುತ್ತೆ. ಬೇರೆಯವರಿಗೆ ಹೇಳ್ತೀನಿ. ನಮ್ಮ ಕಡೆ ರಂಪಣಿ ಅಂತ ಒಂದು ಬಲೆ ಇತ್ತು. ಉದ್ದ ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಭೂತಾಯಿ, ಬಂಗುಡೆ ದಡದ ಹತ್ರ ಬಂದಾಗ ಒಂದು ದೋಣಿ ಬಲೆಯನ್ನ ಹೊತ್ಕೊಂಡು ಕಡಲಿಗೆ ಹೋಗಿ ಅರ್ಧ ಸುತ್ತು ಹಾಕಿ ಬರೋದು. ಆಮೇಲೆ ಎರಡೂ ತುದಿಯನ್ನ ದಡದಲ್ಲಿ ನಿಂತ ಹತ್ತಾರು ಜನ, ಕೆಲವು ಕಡೆ ನೂರರ ಹತ್ರ ಜನ, ಎಳೆಯೋದು. ಬಂದ ಮೀನು ಪಾಲು. ನನ್ನ ಅಜ್ಜ ಅಂಥ ಒಂದು ಹಗ್ಗ ಹಿಡಿದವರಲ್ಲಿ ಒಬ್ಬರು. ರಂಪಣಿಯಲ್ಲಿ ಒಂದು ಷರತ್ತಿದೆ, ಮೀನು ದಡಕ್ಕೆ ಬರೋವರೆಗೆ ಕಾಯಬೇಕು.

1970ರ ದಶಕದ ನಡುವಿನಲ್ಲಿ ದಕ್ಷಿಣ ಕನ್ನಡಕ್ಕೆ ಪರ್ಸೀನ್ ಬೋಟ್‌ಗಳು ಬಂದವು. ಆಗ ಉಡುಪಿ ಬೇರೆ ಜಿಲ್ಲೆ ಆಗಿರಲಿಲ್ಲ, ಎಲ್ಲ ಸೇರಿ ಒಂದೇ. ಈ ಬೋಟ್‌ಗಳು ಕಾಯ್ತಿರಲಿಲ್ಲ. ಅದೇ ಭೂತಾಯಿ, ಅದೇ ಬಂಗುಡೆ, ದಡಕ್ಕೆ ಬರೋ ಮುಂಚೆ ಹೊರಗೇ ಸುತ್ತುವರಿದು ಎತ್ತೋದು. ಐದಾರು ವರ್ಷದೊಳಗೆ ರಂಪಣಿ ಮುಗೀತು. ಪ್ರತಿಭಟನೆಗಳಾದವು, ಕಡಲಲ್ಲೂ ದಡದಲ್ಲೂ ಗಲಾಟೆಗಳಾದವು. ನಿಂತಿದ್ದು ಮಾತ್ರ ರಂಪಣಿಯೇ. ಈಗ ಉಳಿದಿರೋದು ಅದರ ಸಣ್ಣ ತಮ್ಮ, ಕೈರಂಪಣಿ.

ಆಗ ಅಪ್ಪಯ್ಯ ಹೈಸ್ಕೂಲು. ಅವರಿಗೆ ನೆನಪಿರೋದು ಒಂದೇ ದೃಶ್ಯವಂತೆ. ಬಲೆ ಎಳೆದು ಎಳೆದು ಕೊನೆಗೆ ದಡಕ್ಕೆ ಬಂದಾಗ ಅದರಲ್ಲಿ ಒಂದಿಷ್ಟು ಕಸ, ನಾಲ್ಕು ಏಡಿ. ಯಾರೂ ಮಾತಾಡಲಿಲ್ಲವಂತೆ. ಹೆಂಗಸರು ಖಾಲಿ ಬುಟ್ಟಿ ತಲೆ ಮೇಲಿಟ್ಕೊಂಡು ವಾಪಸ್. ಅಜ್ಜ ಮುಂದಿನ ವರ್ಷ ಒಂದು ಪರ್ಸೀನ್ ಬೋಟಲ್ಲೇ ಕಲಾಸಿಯಾಗಿ ಸೇರಿದರು, ಹಗ್ಗದ ಪಾಲುದಾರ ಇದ್ದವರು ಇನ್ನೊಬ್ಬರ ಬೋಟಲ್ಲಿ ಆಳು. ಅಪ್ಪಯ್ಯ ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರಿನ ಹೋಟೆಲ್ ಕೆಲಸಕ್ಕೆ ಬಸ್ ಹತ್ತಿದರು. ಕಡಲಿಗೆ ಇಳೀಲೇ ಇಲ್ಲ. ಇದೆಲ್ಲ ನಂಗೆ ಬಿಡಿ ಬಿಡಿಯಾಗಿ ಗೊತ್ತಿತ್ತು, ಆದರೆ ಅಪ್ಪಯ್ಯನ ಬಾಯಲ್ಲಿ ಒಂದೇ ಉಸಿರಿಗೆ ಕೇಳಿದ್ದು ಅವತ್ತೇ, ಊರಿಂದ ಅಷ್ಟು ದೂರ, ಪ್ಲಾಸ್ಟಿಕ್ ದೋಣೀಲಿ ಕೂತು.

ಸರಿ, ಅಮೆರಿಕದಲ್ಲಿ ಮುಂದೇನಾಯ್ತು? ಟೆಕ್ಸಸ್‌ನಲ್ಲಿ ಜಗಳ ಪ್ರುಡೋಮ್‌ನ ಬಾಣಲೆಗಿಂತ ಮುಂಚೇನೇ ಶುರುವಾಗಿತ್ತು. 1977ರಲ್ಲಿ ಹ್ಯೂಸ್ಟನ್‌ನಲ್ಲಿ ಗಾಳ ಹಾಕೋ ಹವ್ಯಾಸದ ಕೆಲವರು ಸೇರಿ ಜಿಸಿಸಿಎ ಅನ್ನೋ ಸಂಘ ಕಟ್ಟಿದರು. ಬಲೆ ಹಾಕೋದು ನಿಲ್ಲಬೇಕು ಅನ್ನೋದು ಅವರ ಬೇಡಿಕೆ. ಅಲ್ಲಿನ ಜನ ಆ ವರ್ಷಗಳನ್ನ ರೆಡ್‌ಫಿಶ್ ಯುದ್ಧ ಅಂತಾನೇ ಕರೀತಾರೆ. 1981ರಲ್ಲಿ ಹೌಸ್ ಬಿಲ್ 1000 ಪಾಸಾಯ್ತು. ಟೆಕ್ಸಸ್ ನೀರಿನ ರೆಡ್‌ಫಿಶ್ ಮಾರೋ ಹಾಗಿಲ್ಲ, ಅದು ಇನ್ನು ಗಾಳದವರ ಮೀನು.

ಟೆಕ್ಸಸ್ ಬಾಗಿಲು ಹಾಕಿತು, ಬೇಡಿಕೆ ಮಾತ್ರ ಏರ್ತಾನೇ ಇತ್ತು. ಪರ್ಸ್ ಸೀನ್ ಬೋಟ್‌ಗಳು ಹೋಗಿದ್ದು ರಾಜ್ಯಗಳ ಗಡಿ ದಾಟಿದ ಕೇಂದ್ರ ಸರ್ಕಾರದ ಕಡಲಿಗೆ. 1986ರ ಬೇಸಿಗೆಯಲ್ಲಿ ಕೇಂದ್ರದ ವಾಣಿಜ್ಯ ಇಲಾಖೆ ತುರ್ತು ಕ್ರಮ ತಗೊಂಡಿತು. ಹೌದು, ಅಮೆರಿಕದಲ್ಲಿ ಕಡಲ ಮೀನು ವಾಣಿಜ್ಯ ಇಲಾಖೆ ಕೈಕೆಳಗೆ ಬರುತ್ತೆ, ಕಾಮರ್ಸ್ ಓದಿದವನಾಗಿ ನಂಗೆ ಇದು ಬಹಳ ಖುಷಿ ಕೊಟ್ಟ ವಿಷಯ. 1988ರ ಹೊತ್ತಿಗೆ ಮೆಕ್ಸಿಕೋ ಕೊಲ್ಲಿಯ ಕೇಂದ್ರ ಕಡಲಲ್ಲಿ ರೆಡ್‌ಫಿಶ್ ಹಿಡಿಯೋದು ಪೂರ್ತಿ ಬಂದ್. ಗಾಳಕ್ಕೂ ಇಲ್ಲ, ಬಲೆಗೂ ಇಲ್ಲ. ಇವತ್ತಿಗೂ ಹಾಗೇ ಇದೆ. ಒಳಗಿನ ಹಿನ್ನೀರಿಗೆ ರಾಜ್ಯಗಳು ಒಂದು ಲೆಕ್ಕ ಒಪ್ಪಿಕೊಂಡವು. ಯಾರೂ ಹಿಡಿಯದೇ ಇದ್ದಿದ್ದರೆ ಎಷ್ಟು ಮೀನು ಹೊರಕಡಲಿಗೆ ದಾಟ್ತಿದ್ದವೋ, ಅದರಲ್ಲಿ ಕನಿಷ್ಠ ಶೇಕಡಾ 30 ದಾಟಲೇಬೇಕು. ಅಪ್ಪಯ್ಯನ 31 ಇಂಚಿನ ಮೀನು ಹಾಗೆ ದಾಟೋಕೆ ಬಾಗಿಲ ಹತ್ರ ಬಂದಿದ್ದದ್ದು. ಹಿನ್ನೀರಿನ ಗಾಳ, ಪಕ್ಷಿ, ಚಳಿ ಎಲ್ಲ ತಪ್ಪಿಸ್ಕೊಂಡು ಬಂದು, ಇನ್ನು ಮೂವತ್ತು ವರ್ಷ ಮೊಟ್ಟೆ ಹಾಕೋ ಅಥವಾ ಡೋಲು ಬಾರಿಸೋ ಮೀನು.

ಚಳಿ ಅಂದೆ. 1983ರ ಡಿಸೆಂಬರ್‌ನಲ್ಲಿ ಟೆಕ್ಸಸ್‌ನಲ್ಲಿ ಎಂಥ ಚಳಿ ಬಿತ್ತು ಅಂದರೆ ಹಿನ್ನೀರಿನ ಮೀನುಗಳು ರಾಶಿ ರಾಶಿ ಸತ್ತವು. 1989ರಲ್ಲಿ ಮತ್ತೆ. ಹಾಗಾಗಿ ಬರೀ ನಿಷೇಧದಿಂದ ಮೀನು ವಾಪಸ್ ಬಂತು ಅಂತ ಹೇಳೋಕೆ ನಂಗೆ ಧೈರ್ಯ ಇಲ್ಲ. ಮರಿ ಸಾಕೋ ಕೆಲಸಾನೂ ನಡೀತು. ಅದೇ ಪೋರ್ಟ್ ಅರಾನ್ಸಸ್‌ನ ವಿಶ್ವವಿದ್ಯಾಲಯದ ಕಡಲ ಕೇಂದ್ರದಲ್ಲಿ 1970ರ ದಶಕದಲ್ಲಿ ಒಂದು ಉಪಾಯ ಕಂಡುಹಿಡಿದಿದ್ದರು. ತೊಟ್ಟಿಯಲ್ಲಿರೋ ಮೀನಿಗೆ ದೀಪದ ಹೊತ್ತು, ನೀರಿನ ಬಿಸಿ ಹೆಚ್ಚುಕಮ್ಮಿ ಮಾಡಿ ಇಡೀ ವರ್ಷದ ಋತುಗಳನ್ನ ಕೆಲವೇ ತಿಂಗಳಲ್ಲಿ ತೋರಿಸೋದು. ಶರತ್ಕಾಲ ಬಂತು ಅಂತ ನಂಬಿ ಅದು ಮೊಟ್ಟೆ ಇಡುತ್ತೆ. ಟೆಕ್ಸಸ್ ಆಮೇಲೆ ಕಾರ್ಪಸ್ ಕ್ರಿಸ್ಟಿಯಲ್ಲಿ, ಬೇರೆ ಕಡೆಗಳಲ್ಲಿ ಮರಿ ಕೇಂದ್ರ ಕಟ್ಟಿ ಕೋಟ್ಯಂತರ ಮರಿಗಳನ್ನ ಹಿನ್ನೀರಿಗೆ ಬಿಟ್ಟಿದೆ.

2007ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯೂ ಬುಷ್ ಈ ಮೀನಿನ ರಕ್ಷಣೆಗೇ ಅಂತ ಒಂದು ಆದೇಶಕ್ಕೆ ಸಹಿ ಹಾಕಿದರು. ಅವರೂ ಟೆಕ್ಸಸ್‌ನವರೇ, ಗಾಳದ ಹುಚ್ಚಿನವರೇ.

ಇಲ್ಲಿಗೆ ನಿಲ್ಲಿಸಿದರೆ ಇದು ಚಂದದ ಸಕ್ಸಸ್ ಸ್ಟೋರಿ. ಯೂಟ್ಯೂಬ್‌ನಲ್ಲಿ ಇರೋ ವಿಡಿಯೋಗಳೆಲ್ಲ ಹೆಚ್ಚಾಗಿ ಇಲ್ಲಿಗೇ ನಿಲ್ತವೆ. ಆದರೆ ಇಡೀ ಕಥೆ ಕೇಳಿ ಅಪ್ಪಯ್ಯ ಕೇಳಿದ್ದು, "ಬಲೆ ಹಾಕ್ತಿದ್ದ್ ಸಣ್ಣೋರ್ ಎಂತ ಮಾಡಿರ್?"

ಅವರ ಕಥೆ ಹೀಗಿದೆ. ಟೆಕ್ಸಸ್ ಹಿನ್ನೀರಲ್ಲಿ ಬಲೆ, ಉದ್ದ ಗಾಳದ ಸಾಲು ಹಾಕಿ ಬದುಕ್ತಿದ್ದ ಕುಟುಂಬಗಳು 1981ರಲ್ಲಿ ಒಂದು ಕಾನೂನಿನಿಂದ ಮುಖ್ಯ ಸಂಪಾದನೆ ಕಳ್ಕೊಂಡವು. ಹೊರಕಡಲಲ್ಲಿ ವಿಮಾನ ಹಾರಿಸಿದವರು ಬೇರೆ, ಇವರು ಬೇರೆ. ಮೋಜಿಗೆ ಗಾಳ ಹಾಕೋರೂ ಲಕ್ಷಾಂತರ ಜನ, ಅವರೂ ಮೀನು ಖಾಲಿ ಮಾಡಿದವರೇ. ಆದರೆ ಅವರ ಹತ್ರ ಸಂಘ ಇತ್ತು, ದುಡ್ಡಿತ್ತು, ವಕೀಲರಿದ್ದರು, ಪ್ರವಾಸೋದ್ಯಮದ ಲೆಕ್ಕ ಇತ್ತು. ಒಂದು ಮೀನು ಮಾರ್ಕೆಟ್‌ಗೆ ಹೋದರೆ ಎಷ್ಟು ಡಾಲರ್, ಅದೇ ಮೀನು ಹಿಡಿಯೋಕೆ ಒಬ್ಬ ಊರಿಂದ ಬಂದು ರೂಮು, ಪೆಟ್ರೋಲ್, ಸಿಗಡಿ, ಬಿಯರ್‌ಗೆ ಖರ್ಚು ಮಾಡಿದರೆ ಎಷ್ಟು ಡಾಲರ್ ಅನ್ನೋ ಲೆಕ್ಕ. ಆ ಲೆಕ್ಕ ಸುಳ್ಳಲ್ಲ, ನಾನೂ ಹಾಗೇ ಹಾಕ್ತಿದ್ದೆ. ಫ್ಲೋರಿಡಾದಲ್ಲಂತೂ 1994ರಲ್ಲಿ ಮತ ಹಾಕಿಸಿ ರಾಜ್ಯದ ಸಂವಿಧಾನಕ್ಕೇ ಬಲೆ ನಿಷೇಧ ಸೇರಿಸಿದರು. ಮೀನುಗಾರರ ಸಂಖ್ಯೆ ಎಷ್ಟು, ಮತದಾರರ ಸಂಖ್ಯೆ ಎಷ್ಟು, ನೀವೇ ಯೋಚಿಸಿ.

ನಮ್ಮಲ್ಲಿ ಗೆದ್ದದ್ದು ದೊಡ್ಡ ಬೋಟು, ಅಲ್ಲಿ ಗೆದ್ದದ್ದು ಗಾಳದವರು. ಎರಡೂ ಕಡೆ ಹಗ್ಗ ಬಿಟ್ಟವರು ಸಣ್ಣ ಬಲೆಯವರು. ಕರ್ನಾಟಕದಲ್ಲೂ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದಿದ್ದು 1986ರಲ್ಲೇ. ನಾನು ಫೋನಲ್ಲಿ ಹುಡುಕಿ ಈ ಇಸವಿ ತೋರಿಸಿದಾಗ ಅಪ್ಪಯ್ಯ ನಕ್ಕರು. "ಬಲೆ ಒಣ್ಗಿ ಹೋದ್ ಮೇಲೆ" ಅಂದರು. ನಂಗೆ ಮಾತ್ರ ಅಲ್ಲಿನ ಕಾನೂನನ್ನ ಪೂರ್ತಿ ಬೈಯೋಕೂ ಆಗಲ್ಲ. ಆ ಮೀನು ಇದ್ದಿದ್ದರಿಂದಲೇ ಅಪ್ಪಯ್ಯ ನಲವತ್ತು ವರ್ಷದ ಮೇಲೆ ಕೈಗೆ ದಾರ ಸುತ್ತಿಕೊಂಡಿದ್ದು.

ಆ ಕಥೆ ಮುಗಿದೂ ಇಲ್ಲ. ಲೂಸಿಯಾನಾದಲ್ಲಿ ಮೀನು ಮತ್ತೆ ಕಡಿಮೆ ಆಗ್ತಾ ಇದೆ ಅಂತ 2024ರಲ್ಲಿ ನಿಯಮ ಬಿಗಿ ಮಾಡಿದರು, ದಿನಕ್ಕೆ ಐದು ಇದ್ದದ್ದು ನಾಲ್ಕು, ಅಳತೆ 18ರಿಂದ 27 ಇಂಚು. ಈ ಸಲ ಬೈಯೋಕೆ ಪರ್ಸೀನ್ ಬೋಟ್‌ಗಳೂ ಇಲ್ಲ. ಪ್ರುಡೋಮ್ 2015ರಲ್ಲಿ ತೀರಿಕೊಂಡ. ಅವನ ಹೋಟೆಲ್ 2020ರಲ್ಲಿ ಮುಚ್ಚಿತು. ಈಗ ಅಮೆರಿಕದ ಹೋಟೆಲ್‌ಗಳಲ್ಲಿ ಸಿಗೋ ರೆಡ್‌ಫಿಶ್ ಬಹುಪಾಲು ಕೆರೆಯಲ್ಲಿ ಸಾಕಿದ್ದು. ಅದನ್ನ ಅತಿ ಹೆಚ್ಚು ಸಾಕೋ ದೇಶ ಯಾವುದು ಗೊತ್ತಾ? ಚೀನಾ.

ಅಂದ ಹಾಗೆ, ಅಪ್ಪಯ್ಯ ಮೀನನ್ನ ಹೇಗೆ ಬಿಟ್ಟರು ಅಂತ ಹೇಳಲಿಲ್ಲ. ಭಾವ ಇಂಗ್ಲಿಷ್ ವಿಡಿಯೋದಲ್ಲಿ ನೋಡಿದ ಕ್ರಮ ಹೇಳಿಕೊಡೋಕೆ ಹೊರಟರು. ಅಪ್ಪಯ್ಯ ಕೇಳಿಸ್ಕೊಳ್ಳಲಿಲ್ಲ. ಬಾಲದ ಬುಡ ಒಂದು ಕೈಲಿ, ಹೊಟ್ಟೆ ಕೆಳಗೆ ಇನ್ನೊಂದು ಕೈ, ನೀರಿನ ಹರಿವಿಗೆ ತಲೆ ಕೊಟ್ಟು ಸುಮ್ಮನೆ ಹಿಡಿದರು. ಕಿವಿರು ಎರಡು ಮೂರು ಸಲ ತೆರೆದು ಮುಚ್ಚಿತು. ಒಂದು ಏಟು ಬಾಲ ಬಡಿದು, ನನ್ನ ಫೋನ್ ಮೇಲೆ ಉಪ್ಪುನೀರು ಎರಚಿ ಹೋಯ್ತು. ಹಾಗಾಗಿ ಫೋಟೋ ಕೇಳ್ಬೇಡಿ, ಇಲ್ಲ.

ಮಧ್ಯಾಹ್ನ ಭಾವನಿಗೆ 24 ಇಂಚಿಂದು ಒಂದು ಸಿಕ್ತು, ಅದನ್ನ ತಂದ್ವಿ. ರಾತ್ರಿ ಅಪ್ಪಯ್ಯನೇ ಕೊಯ್ದರು. ತಲೆ ಒಡೆದು ಎರಡು ಬಿಳೀ ಕಲ್ಲು ತೆಗೆದು ಅಕ್ಕನ ಮಗಳ ಅಂಗೈ ಮೇಲಿಟ್ಟರು. ಅವಳಿಗೆ ಅದು ಮೀನಿನ ಹಲ್ಲು ಅಂತ ನಂಬಿಕೆ, ನಾವ್ಯಾರೂ ತಿದ್ದಲಿಲ್ಲ. ಅಕ್ಕ ಊರಿಂದ ತಂದ ಮೀನು ಮಸಾಲೆ ಅರೆದು, ಬೀಡು ಬಾಣಲೆಯಲ್ಲಿ ಹಾಕಿದಾಗ ಎದ್ದ ಹೊಗೆಗೆ ಮನೆಯ ಸ್ಮೋಕ್ ಅಲಾರಂ ಹೊಡ್ಕೊಳ್ಳೋಕೆ ಶುರು. ಭಾವ ಟವೆಲ್ ಬೀಸ್ತಾ ನಿಂತರು. ಅಪ್ಪಯ್ಯ ಆ ಗಲಾಟೆಯಲ್ಲೇ ಒಂದು ತುಂಡು ಬಾಯಿಗಿಟ್ಟು, ಸ್ವಲ್ಪ ಹೊತ್ತು ಅಗಿದು, ತೀರ್ಪು ಕೊಟ್ಟರು.

"ಅಡ್ಡಿಲ್ಲ. ಬಂಗ್ಡೆ ರುಚಿ ಬರುದಿಲ್ಲ ಮಾಣಿ."